ಕೆಳಗಿನ ಮನೆಯ ಹಸಿ ಗೋಡೆ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಬುಡಕ್ಕೆ. ಟೀವಿ, ಸೋಫಾ, ಸೊಸೆ ತಂದ ಫ್ರಿಜ್ಜು ಎಲ್ಲ ಆಮೇಲೆ. ಬಣ್ಣ ಉಬ್ಬಿದೆಯೇ, ಬಿಳಿ ಪುಡಿ ಉದುರಿದೆಯೇ, ಕಪಾಟಿನ ಹಿಂದೆ ಮುಗ್ಗಲು ವಾಸನೆ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಒಳಗೊಳಗೇ ಖುಷಿಯಾಗುತ್ತದೆ. ಇದು ಒಳ್ಳೆಯ ಗುಣವಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯಲ್ಲಿ ನಿಂತು, ಇನ್ನೊಬ್ಬರದನ್ನು ಕಂಡು ಕರುಬಬಾರದು ಎಂದು ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಂಡವಳು ನಾನು. ಆದರೆ ಒಣ ಗೋಡೆ ಕಂಡರೆ ಹೊಟ್ಟೆ ಉರಿಯುವುದು ಹತ್ತು-ಹನ್ನೊಂದರ ವಯಸ್ಸಿನಲ್ಲಿ ಹತ್ತಿದ ಚಟ. ಸಕ್ಕರೆ ಬಿಟ್ಟೆ, ಚಹಾ ಬಿಟ್ಟೆ, ಇದನ್ನು ಬಿಡಲಾಗಲಿಲ್ಲ.

ನಮ್ಮೂರು ಗಂಗಾವತಿಯ ಹತ್ತಿರ, ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ. ಕುಷ್ಟಗಿ, ಯಲಬುರ್ಗಾ ಕಡೆಯ ನೆಂಟರು ಬಂದಾಗ ನಮ್ಮ ಗೋಡೆ ಮುಟ್ಟಿ ನೋಡಿ, ಮಳೆಯೇ ಇಲ್ಲದ ದಿನ ಇಷ್ಟು ತೇವ ಎಲ್ಲಿಂದ ಬಂತೆಂದು ಬೆರಗಾಗುತ್ತಿದ್ದರು. ಅವರ ಕಡೆ ನೀರು ಬಂದರೆ ಮೇಲಿಂದ ಬರಬೇಕು. ನಮ್ಮಲ್ಲಿ ಕೆಳಗಿನಿಂದ ಏರುತ್ತಿತ್ತು. ಗದ್ದೆಗೆ ನೀರು ನಿಲ್ಲಿಸಿದ ವಾರದೊಳಗೆ ಗೋಡೆಯ ಬುಡ ಕಪ್ಪಾಗುತ್ತಿತ್ತು, ತಿಂಗಳೊಳಗೆ ನನ್ನ ಸೊಂಟದ ತನಕ ಬರುತ್ತಿತ್ತು. ನೀರಿಳಿದ ಮೇಲೆ ಸವಳು ಹೊರಬಿದ್ದು ಗೋಡೆಯ ತುಂಬ ಬಿಳಿ ಉಪ್ಪು ಅರಳುತ್ತಿತ್ತು. ಮುತ್ಯಾನ ಕಾಲದಲ್ಲಿ ಅದು ಒಂದೇ ಉದ್ದನೆಯ ಮನೆ. ಅಪ್ಪ, ದೊಡ್ಡಪ್ಪ ಬೇರೆಯಾದಾಗ ನಡುವೆ ಒಂದು ಗೋಡೆ ಎದ್ದಿತು. ದಿನ್ನೆಯ ಕಡೆಯ ಅರ್ಧ ದೊಡ್ಡಪ್ಪನಿಗೆ, ಗದ್ದೆಯ ಕಡೆಯ ಅರ್ಧ ನಮಗೆ. ಊರಲ್ಲಿ ಅವರದು ಮೇಲಿನ ಮನೆ, ನಮ್ಮದು ಕೆಳಗಿನ ಮನೆ. ಆರೇಳು ಹೆಜ್ಜೆಯ ಅಂತರದಲ್ಲಿ ಒಂದೇ ಮುತ್ಯಾನ ಮೊಮ್ಮಕ್ಕಳಿಗೆ ಎರಡು ಬಗೆಯ ಹಣೆಬರಹ ಇರಬಹುದೆಂದು ನನಗೆ ತಿಳಿದದ್ದು ಈ ಮನೆಯಿಂದಲೇ.

ದೊಡ್ಡಪ್ಪನ ಮಗಳು ಗಿರಿಜಾ ನನ್ನ ವಾರಿಗೆಯವಳು. ಒಂದೇ ತರಗತಿ, ಒಂದೇ ಬೆಂಚು. ಅವಳ ಪುಸ್ತಕ ಪುಸ್ತಕದ ಹಾಗೆ ಇರುತ್ತಿತ್ತು. ನನ್ನದರ ಹಾಳೆಗಳು ಉಬ್ಬಿ, ಅಂಚಿನಲ್ಲಿ ಕಂದು ಚುಕ್ಕೆ ಬಿದ್ದು, ತೆರೆದರೆ ಹಳೆಯ ಗೋಣಿಚೀಲದ ವಾಸನೆ ಬರುತ್ತಿತ್ತು. ಸಂಕ್ರಾಂತಿಗೆ ಎರಡೂ ಮನೆಯವರು ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು ಒಣಗಿಸುತ್ತಿದ್ದರು. ಮೇಲಿನ ಮನೆಯ ರೊಟ್ಟಿ ಶಿವರಾತ್ರಿಯ ತನಕ ಕಟಂ ಕಟಂ ಎನ್ನುತ್ತಿದ್ದವು. ನಮ್ಮವು ನಾಲ್ಕು ದಿನಕ್ಕೆ ಮೆತ್ತಗಾಗಿ ಐದನೆಯ ದಿನ ಹಸಿರು ಬೂಷ್ಟು ಹಿಡಿಯುತ್ತಿದ್ದವು. ಹಾಗಾಗಿ ಅವ್ವ ನಮ್ಮ ರೊಟ್ಟಿಯ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೊಡ್ಡವ್ವನ ಅಟ್ಟಕ್ಕೆ ಒಯ್ದು ಇಡಬೇಕಾಗಿತ್ತು. ದೊಡ್ಡವ್ವ ಎಂದೂ ಇಲ್ಲವೆನ್ನಲಿಲ್ಲ.

"ಇಟ್ಟು ಹೋಗ ತಂಗಿ. ನಮ್ಮ ಮನ್ಯಾಗ ಜಾಗಾ ಐತಿ, ಒಣಾನೂ ಐತಿ."

ಆ 'ಒಣಾನೂ ಐತಿ' ಎಂಬ ಮಾತು ಕೇಳಿದಾಗೆಲ್ಲ ನನಗೆ ಆ ಅಟ್ಟವನ್ನು ಹತ್ತಿ ಒಂದು ಕೊಡ ನೀರು ಸುರಿದು ಬರಬೇಕು ಅನ್ನಿಸುತ್ತಿತ್ತು. ನಮ್ಮ ರೊಟ್ಟಿಯನ್ನು ನಾವೇ ಅವರ ಮನೆಗೆ ಹೋಗಿ ಕೇಳಿ ತರಬೇಕು. ತರಲು ಹೋದವಳಿಗೆ ಗಿರಿಜಾ ನಗುನಗುತ್ತ ಎಣಿಸಿ ಕೊಡಬೇಕು. ಅವಳ ನಗೆಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳ ಆಡಿ ಹಗುರಾಗುತ್ತಿದ್ದೆ.

ಅವ್ವ ಮಾತ್ರ ಈ ತೇವದ ಜೊತೆ ವರ್ಷವಿಡೀ ಗುದ್ದಾಡುತ್ತಿದ್ದಳು. ಅವಳ ಕಾನೂನುಗಳು ಬಿಗಿಯಾಗಿದ್ದವು. ಗೋಡೆಗೆ ಏನೂ ತಾಗಬಾರದು. ಟ್ರಂಕು, ಚೀಲ, ಹಾಸಿಗೆ ಎಲ್ಲವೂ ಒಂದು ಗೇಣು ದೂರ, ಕಲ್ಲಿನ ಮೇಲೆ. ಒದ್ದೆ ಬಟ್ಟೆ ಒಳಗೆ ಹರವಬಾರದು. ಬಿಸಿಲು ಬಂದರೆ ಮಾಳಿಗೆಯ ಬೆಳಕಿಂಡಿ ತೆರೆಯಬೇಕು, ಹಾಸಿಗೆಯೆಲ್ಲ ಮೇಲಕ್ಕೆ ಹೋಗಬೇಕು. ವಾರಕ್ಕೊಮ್ಮೆ ಗೋಡೆಯ ಉಪ್ಪನ್ನು ಕಸಬರಿಗೆಯಿಂದ ಉದುರಿಸಿ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಒಯ್ದು ಹಾಕುತ್ತಿದ್ದಳು. ಬುಡದಲ್ಲೇ ಬಿಟ್ಟರೆ ಅದೇ ಉಪ್ಪು ಮತ್ತೆ ಗೋಡೆ ಏರುತ್ತದೆ ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಹಾಳಾದ ಮಣ್ಣು ಕೆರೆದು, ಹೊಟ್ಟು ಸೆಗಣಿ ಕಲಸಿದ ಹೊಸ ಮಣ್ಣು ಮೆತ್ತಿ ಸುಣ್ಣ ಹೊಡೆಯುತ್ತಿದ್ದಳು. ಗದ್ದೆಗೂ ಗೋಡೆಗೂ ನಡುವೆ ಮೊಣಕಾಲುದ್ದದ ಒಂದು ಗಟಾರ ತೆಗೆದು ಸಣ್ಣ ಕಲ್ಲಿನ ಗರಸು ತುಂಬಿದ್ದಳು. ಕಾಲುವೆಗೆ ನೀರು ಬಿಡುವ ಮುಂಚೆ ಅದನ್ನು ಹಸನು ಮಾಡದೆ ಊಟ ಮಾಡುತ್ತಿರಲಿಲ್ಲ. ಇಷ್ಟಾದರೂ ಗೋಡೆ ಒಣಗುತ್ತಿರಲಿಲ್ಲ, ಆದರೆ ಬೀಳುತ್ತಲೂ ಇರಲಿಲ್ಲ. ನನಗೆ ಆಗ ಅವಳ ಕಷ್ಟ ಕಾಣುತ್ತಿರಲಿಲ್ಲ. ದೊಡ್ಡವ್ವ ಏನೂ ಮಾಡದೆ ಕಾಲು ಚಾಚಿ ಕೂತರೂ ಅವಳ ಗೋಡೆ ಒಣಗಿರುವುದು ಮಾತ್ರ ಕಾಣುತ್ತಿತ್ತು.

ರೊಟ್ಟಿ, ಪುಸ್ತಕ ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಅಮ್ಮನ ವಿಷಯ. ನಮ್ಮ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ. ಅಪ್ಪ-ದೊಡ್ಡಪ್ಪ ಬೇರೆಯಾದಾಗ ಅಮ್ಮನನ್ನು ಪಾಳಿಯ ಮೇಲೆ ನೋಡಿಕೊಳ್ಳುವುದೆಂದು ಮಾತಾಗಿತ್ತು. ದಸರೆಯಿಂದ ಯುಗಾದಿಯ ತನಕ ಮೇಲಿನ ಮನೆ, ಯುಗಾದಿಯಿಂದ ದಸರೆಯ ತನಕ ಕೆಳಗಿನ ಮನೆ. ಅವಳು ನಮ್ಮಲ್ಲಿದ್ದ ಆರು ತಿಂಗಳು ನನಗೆ ಹಬ್ಬ. ಅವಳ ಕೌದಿಯೊಳಗೆ ಮಲಗುವವಳು ನಾನು, ಅವಳ ಎಲೆಗೆ ಸುಣ್ಣ ಹಚ್ಚಿ ಕೊಡುವವಳು ನಾನು. ಅವಳು ಮೇಲಿನ ಮನೆಗೆ ಹೋದರೆ ಉಳಿದ ಆರು ತಿಂಗಳು ನನಗೆ ಕಿವಿಯೇ ಗತಿ. ನಡುವಿನ ಗೋಡೆ ಮಾಳಿಗೆಯ ತನಕ ಮುಟ್ಟಿರಲಿಲ್ಲ. ಉಂಡಾದ ಮೇಲೆ ಅಮ್ಮ ಗಿರಿಜಾಳಿಗೆ ಕಥೆ ಹೇಳುವುದು ಈ ಕಡೆ ಮಲಗಿದ ನನಗೆ ಕೇಳುತ್ತಿತ್ತು. ರಾಜನ ಕಿರಿಯ ಹೆಂಡತಿ ಬಾವಿಯ ದಂಡೆಗೆ ಬರುವಷ್ಟರಲ್ಲಿ ಅಮ್ಮನ ದನಿ ಸಣ್ಣಗಾಗುತ್ತಿತ್ತು. ಮರುದಿನ ಶಾಲೆಯ ದಾರಿಯಲ್ಲಿ ಆ ಹೆಂಡತಿ ಏನಾದಳೆಂದು ಕೇಳಿದರೆ ಗಿರಿಜಾ ಆಕಳಿಸುತ್ತ ಹೇಳುತ್ತಿದ್ದಳು:

"ಯಾವ ಹೆಂಡ್ತಿ? ನಾ ಆಗಲೇ ಮಕ್ಕೊಂಡಿದ್ದೆ."

ಕೈಗೆ ಸಿಕ್ಕದ್ದನ್ನು ಹೀಗೆ ನಿದ್ದೆಯಲ್ಲಿ ಚೆಲ್ಲುವವಳಿಗೆ ದೇವರು ಅಮ್ಮನನ್ನು ಯಾಕೆ ಕೊಡುತ್ತಾನೆ? ಅಮ್ಮ ನಮ್ಮಿಬ್ಬರಿಗೂ ಅಜ್ಜಿ ಎಂಬ ನ್ಯಾಯ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅಮ್ಮ ನನ್ನವಳು, ಅವರು ಆರು ತಿಂಗಳು ಕಡ ಒಯ್ಯುತ್ತಾರೆ, ಹೀಗಿತ್ತು ನನ್ನ ಲೆಕ್ಕ.

ನನಗೆ ಹನ್ನೊಂದಾದ ವರ್ಷ ಚಳಿಗಾಲದಲ್ಲಿ ಅಮ್ಮನಿಗೆ ದಮ್ಮು ಜಾಸ್ತಿಯಾಯಿತು. ಕೂತರೆ ಏಳಲು ಉಸಿರು ಸಾಲದು. ಯುಗಾದಿಯ ಮರುದಿನ ನಾನು ಅವಳ ಕೌದಿ ತರಲು ಓಡಿದರೆ ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಬಂದ ಅಪ್ಪನಿಗೆ ಹೇಳಿದಳು:

"ನೋಡಪಾ, ನಮ್ಮತ್ತಿಯವರಿಗೆ ದಮ್ಮು ಹೆಚ್ಚಾಗೇತಿ. ನಿಮ್ಮ ಮನ್ಯಾಗ ಗ್ವಾಡಿ ಹಸಿ. ಇನ್ನ ಪಾಳಿ-ಗೀಳಿ ಬ್ಯಾಡ, ಇಲ್ಲೇ ಇರ್ಲಿ. ನಾವೇನು ಎರಡು ರೊಟ್ಟಿಗೆ ಹಿಂದ ಮುಂದ ನೋಡೋ ಮಂದಿ ಅಲ್ಲ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಈಗ ಬರೆಯಬಲ್ಲೆ. ಅಂದು ಅವಳ ಹಿಂದೆ, ಅಮ್ಮನ ತೊಡೆಗೆ ಆತು ಕೂತಿದ್ದ ಗಿರಿಜಾಳನ್ನು ನೋಡಿ ನನ್ನ ಕಣ್ಣು ಮಂಜಾಯಿತು. ಅಪ್ಪ ಅಲ್ಲಿಂದಲೇ ತಿರುಗಿ ಬಂದ. ಅಂದಿನಿಂದ ನಾನು ಅವನನ್ನು ಊಟಕ್ಕೊಮ್ಮೆ ಕಾಡಲು ಶುರುಮಾಡಿದೆ.

"ಯಪ್ಪಾ, ದೊಡ್ಡಪ್ಪನ ಪಡಸಾಲಿಗೆ ಸಿಮೆಂಟ್ ಐತಿ. ನಮ್ಮ ಗ್ವಾಡಿಗೂ ಹಾಕ್ಸು. ಒಣಾ ಆದ್ರ ಅಮ್ಮ ಬರ್ತಾಳ. ದೊಡ್ಡಪ್ಪಗ ಆಗಿದ್ದು ನಿನಗ ಆಗಂಗಿಲ್ಲೇನು?"

ಅಪ್ಪನಿಗೂ ಅಣ್ಣನ ಮೇಲೆ ಹೊಟ್ಟೆಕಿಚ್ಚು ಇತ್ತೆಂಬುದು ಆಗ ನನಗೆ ತಿಳಿದಿರಲಿಲ್ಲ. ತಿಳಿಯದೆಯೇ ಸರಿಯಾದ ಜಾಗಕ್ಕೆ ಹೊಡೆದಿದ್ದೆ. ಕಾಲುವೆಯ ನೀರು ನಿಂತ ಮೇಲೆ ಒಂದು ದಿನ ಗಾರೆ ಕೆಲಸದ ಗೌಂಡಿಯನ್ನು ಕರೆತಂದೇ ಬಿಟ್ಟ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಮಣ್ಣಿನ ಗ್ವಾಡಿರಿ ಅದು. ಗಾಳಿ ಬಡದ್ರ ತಾನ ಒಣಗ್ತೈತಿ. ಸಿಮೆಂಟ್ ಮೆತ್ತಿದ್ರ ಒಳಗಿನ ನೀರು ಎಲ್ಲಿ ಹೋಗಬೇಕು?"

"ಊರ ಮಂದಿ ಎಲ್ಲಾ ಹಾಕ್ಸಾಕ ಹತ್ಯಾರ. ಅವರೆಲ್ಲ ಹುಚ್ಚರೇನು?"

"ಅವರ ಮನಿ ಬಾಜೂಕ ಗದ್ದಿ ಇಲ್ರಿ."

ಅಪ್ಪ ಗೌಂಡಿಯತ್ತ ತಿರುಗಿ ಕೆಲಸ ಶುರುಮಾಡಲು ಹೇಳಿದ. ಗೌಂಡಿ ನಾಲ್ಕು ದಿನದಲ್ಲಿ ಎದೆಮಟ್ಟದ ತನಕ ಸಿಮೆಂಟಿನ ಗಿಲಾವು ಮಾಡಿ, ಮೇಲೆ ಹಸಿರು ಆಯಿಲ್ ಪೇಂಟ್ ಹೊಡೆದ. ಕೆರೆದು ತೆಗೆದ ಮಣ್ಣು, ಒಡೆದ ಇಟ್ಟಿಗೆ ಎಲ್ಲವನ್ನೂ ಅವ್ವನ ಗರಸಿನ ಗಟಾರಕ್ಕೆ ತುಂಬಿ ಮೇಲೆ ಕಾಲಿನಿಂದ ತುಳಿದು ಸಪಾಟು ಮಾಡಿದ. ಸಿಮೆಂಟ್ ಬಂದ ಮೇಲೆ ಗಟಾರ ಯಾಕೆ ಎಂದು ಅಪ್ಪನೇ ಅಂದ. ಅವ್ವ ಅಲ್ಲಿ ನಿಂತು ನೋಡಿದಳು, ಆಮೇಲೆ ಗಟಾರದ ಸಲಿಕೆಯನ್ನು ಒಯ್ದು ಮೂಲೆಗೆ ಇಟ್ಟಳು.

ಆ ಗೋಡೆ ಎಂಥ ಚೆಲುವಾಗಿತ್ತೆಂದು ಹೇಳಲಾರೆ. ಬೆಳಕಿಂಡಿಯ ಬಿಸಿಲು ಬಿದ್ದರೆ ಕೆರೆಯ ನೀರಿನ ಹಾಗೆ ಹೊಳೆಯುತ್ತಿತ್ತು. ನಾನು ಗಿರಿಜಾಳನ್ನು ಕೈ ಹಿಡಿದು ಎಳೆದು ತಂದೆ.

"ಕೈ ತೊಳ್ಕೊಂಡು ಮುಟ್ಟು."

ಅವಳು ನಿಜಕ್ಕೂ ಕೈ ತೊಳೆದುಕೊಂಡು ಬಂದು ಮುಟ್ಟಿದಳು. "ನಮ್ಮದಕ್ಕ ಬರೇ ಸುಣ್ಣ ಐತಿ. ನಿಮ್ಮದು ಭಾಳ ಛಲೋ ಆಗೇತಿ ನೀಲಾ" ಎಂದಳು. ಅಷ್ಟೇ. ಅವಳಿಗೆ ಹೊಟ್ಟೆ ಉರಿಯಲೇ ಇಲ್ಲ. ನಾನು ಇಷ್ಟು ದಿನ ಉರಿದದ್ದರಲ್ಲಿ ಒಂದು ಕಿಡಿಯೂ ಅವಳಿಗೆ ತಗುಲಲಿಲ್ಲವಲ್ಲ ಎಂದು ಮತ್ತೆ ನನಗೇ ಉರಿಯಿತು. ಇರಲಿ, ಹೊಸ ಗೋಡೆ ಕಂಡು ದೊಡ್ಡವ್ವನೂ ಒಪ್ಪಿದಳು, ಕಾರಹುಣ್ಣಿಮೆಯ ದಿನ ಅಮ್ಮ ಕೆಳಗಿನ ಮನೆಗೆ ಬಂದಳು. ಹೊಸ ಗೋಡೆಯ ಕೋಣೆಯಲ್ಲಿ ಅವಳ ಹೊರಸು ಹಾಕಿದೆವು. ಬೇಸಿಗೆಯ ಕೊನೆ, ಎಲ್ಲ ಒಣಗಿತ್ತು, ಅಮ್ಮನ ಉಸಿರೂ ಹಗುರಾಗಿತ್ತು. ಬಾವಿಯ ದಂಡೆಯಲ್ಲಿ ಕಿರಿಯ ಹೆಂಡತಿ ಏನಾದಳೆಂದು ನಾನು ಎಚ್ಚರವಿದ್ದು ಪೂರ್ತಿ ಕೇಳಿಸಿಕೊಂಡೆ.

ಪಂಚಮಿ ದಾಟಿತು, ಗದ್ದೆಗೆ ನೀರು ಬಂತು. ಅವ್ವ, ಅಪ್ಪ ನಸುಕಿನಲ್ಲೇ ನಾಟಿಗೆ ಹೋಗುತ್ತಿದ್ದರು. ಅಮ್ಮನ ಹಾಸಿಗೆ ಎತ್ತುವುದು, ಕೋಣೆ ಗುಡಿಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಹೊರಸಿನ ಹಿಂದೆ ಹಸಿರು ಬಣ್ಣದ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಕಂಡವು. ಒದ್ದೆ ಅರಿವೆಯಿಂದ ಒರೆಸಿದೆ, ಹೋದವು. ಎರಡು ದಿನಕ್ಕೆ ಮತ್ತೆ ಬಂದವು, ಅಂಗೈಯಗಲ. ಸಿಮೆಂಟ್ ಮುಗಿಯುವ ಎದೆಮಟ್ಟದ ಮೇಲೆ ಹಳೆಯ ಮಣ್ಣು ಒದ್ದೆಯಾಗಿತ್ತು. ನೀರು ಹೊರಬರಲು ದಾರಿಯಿಲ್ಲದೆ ಒಳಗೊಳಗೇ ಅಷ್ಟು ಎತ್ತರ ಏರಿತ್ತು. ಅವ್ವನಿಗೆ ಹೇಳಬೇಕಿತ್ತು. ಹೇಳಿದರೆ ಅವ್ವ ಅಪ್ಪನಿಗೆ, ಅಪ್ಪ ದೊಡ್ಡಪ್ಪನಿಗೆ. ಸಂಜೆಯೊಳಗೆ ಅಮ್ಮ ಗಿರಿಜಾಳ ಪಕ್ಕ ಮಲಗಿರುತ್ತಾಳೆ. ನಾನು ಹೇಳಲಿಲ್ಲ. ಚುಕ್ಕೆ ಇದ್ದ ಜಾಗಕ್ಕೆ ಅಮ್ಮನ ತಗಡಿನ ಟ್ರಂಕನ್ನು ಕಲ್ಲಿನಿಂದ ಇಳಿಸಿ ಗೋಡೆಗೆ ಆನಿಸಿಟ್ಟೆ, ಮೇಲೆ ಕೌದಿಗಳನ್ನು ಎತ್ತರಕ್ಕೆ ಒಟ್ಟಿದೆ. ವಾಸನೆ ದೊಡ್ಡವ್ವನ ಮೂಗಿಗೆ ಹೋಗಬಾರದೆಂದು ಕಿಟಕಿ ಮುಚ್ಚಿದೆ, ಸಂಜೆಗೊಮ್ಮೆ ಕೆಂಡದ ಮೇಲೆ ಲೋಬಾನ ಹಾಕಿ ಕೋಣೆಯ ತುಂಬ ಹೊಗೆ ಎಬ್ಬಿಸಿದೆ. ಅವ್ವ ಮಾಡಬಾರದೆಂದು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ಗಾಳಿಯಿಲ್ಲದ ಕೋಣೆಯಲ್ಲಿ, ಬೂಷ್ಟು ಹಿಡಿದ ಗೋಡೆಯ ಪಕ್ಕ, ಹೊಗೆಯಲ್ಲಿ ಅಮ್ಮ ಕೆಮ್ಮಿದಳು. ನಾನು ಅವಳ ಬೆನ್ನು ನೀವುತ್ತಿದ್ದೆ. ಬೆನ್ನು ನೀವುವಾಗಲೂ, ಈ ಕೆಮ್ಮು ನಡುವಿನ ಗೋಡೆ ದಾಟಿ ಆಚೆ ಕೇಳಿಸದಿದ್ದರೆ ಸಾಕು ಎಂಬುದೇ ನನ್ನ ಚಿಂತೆ.

ಕೇಳಿಸುತ್ತಿತ್ತು. ದೊಡ್ಡವ್ವ ದಿನಕ್ಕೊಮ್ಮೆ ಕಟ್ಟೆಯ ಮೇಲಿಂದ ಕೇಳುತ್ತಿದ್ದಳು.

"ಏ ನೀಲಾ, ಅತ್ತಿಯವರ ಕೆಮ್ಮು ಹೆಂಗೈತಬೇ?"

"ಕಡಿಮಿ ಆಗೇತಿ ದೊಡ್ಡವ್ವಾ."

ಹೊರಸಿನ ಮೇಲೆ ಕೂತ ಅಮ್ಮ ನನ್ನ ಮುಖವನ್ನು ಒಮ್ಮೆ ನೋಡಿ, ಒಳಗಿನಿಂದಲೇ ದನಿ ಏರಿಸಿ ಹೇಳುತ್ತಿದ್ದಳು: "ಹೂಂ, ಕಡಿಮಿ ಆಗೇತಿ." ಅಷ್ಟು ಹೇಳುವುದಕ್ಕೆ ಅವಳಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಅಮ್ಮನೂ ನನ್ನ ಕಡೆಗಿದ್ದಾಳೆ, ಅವಳಿಗೂ ಆ ಮನೆ ಬೇಡ ಎಂದು ನಾನು ಹಿಗ್ಗುತ್ತಿದ್ದೆ.

ದಸರೆಯ ಮಾನವಮಿಗೆ ಮನೆ ಹಸನು ಮಾಡುವಾಗ ಅವ್ವ ಟ್ರಂಕಿಗೆ ಕೈ ಹಾಕಿದಳು. ನಾನು ತಡೆಯಲು ಓಡಿ ಬರುವಷ್ಟರಲ್ಲಿ ಎಳೆದಾಗಿತ್ತು. ಟ್ರಂಕಿನ ತಳ ತುಕ್ಕು ತಿಂದು ನೆಲಕ್ಕೇ ಅಂಟಿ ಉಳಿಯಿತು. ಒಳಗಿದ್ದ ಅಮ್ಮನ ಮದುವೆಯ ಇಳಕಲ್ ಸೀರೆ ಮಡಿಕೆ ಮಡಿಕೆಯಲ್ಲಿ ಕಪ್ಪಾಗಿತ್ತು. ಗೋಡೆಯ ತುಂಬ ಆಳೆತ್ತರದ ಬೂಷ್ಟು. ಅವ್ವ ಗಿಲಾವಿನ ಮೇಲೆ ಬೆರಳಿನಿಂದ ಬಡಿದಳು. ಟೊಳ್ಳು ಸದ್ದು ಬಂತು. ಇನ್ನೊಮ್ಮೆ ಬಡಿದಾಗ ಬಾಗಿಲಗಲದ ಒಂದು ಚಪ್ಪಡಿ ಹಸಿರು ಬಣ್ಣದ ಸಮೇತ ಕಳಚಿ ಹೊರಸಿನ ಮೇಲೆ, ಅಮ್ಮನ ತಲೆದಿಂಬು ಇರುವ ಜಾಗಕ್ಕೆ ಬಿತ್ತು. ಪುಣ್ಯಕ್ಕೆ ಅಮ್ಮ ಹೊರಗೆ ಕಟ್ಟೆಯ ಮೇಲಿದ್ದಳು. ಹಿಂದಿನ ಗೋಡೆ ಗೋಡೆಯಾಗಿ ಉಳಿದಿರಲಿಲ್ಲ, ರಾಡಿಯಾಗಿತ್ತು.

"ಮೇಲೆ ಥಳಕು, ಒಳಗ ಹುಳುಕು" ಎಂದಳು ಅವ್ವ. ಯಾರಿಗೆ ಹೇಳಿದಳೋ ಗೊತ್ತಿಲ್ಲ, ಅಪ್ಪ ತಲೆ ತಗ್ಗಿಸಿದ. ಸದ್ದಿಗೆ ಮೇಲಿನ ಮನೆಯವರೆಲ್ಲ ಬಂದರು. ದೊಡ್ಡವ್ವ ಮೂಗಿಗೆ ಸೆರಗು ಹಿಡಿದುಕೊಂಡಳು. ಅವ್ವ ಟ್ರಂಕನ್ನೂ ಗೋಡೆಯನ್ನೂ ನೋಡಿ, ಕಡೆಗೆ ನನ್ನನ್ನು ನೋಡಿದಳು.

"ಟ್ರಂಕ್ ಇಲ್ಲಿ ಯಾರು ಸರಿಸಿದ್ರು? ದಿನಾ ಹಾಸಿಗಿ ಎತ್ತಾಕಿ ನೀನು. ನಿನ್ನ ಕಣ್ಣಿಗೆ ಬೀಳ್ಲಿಲ್ಲೇನು?"

"ನಂಗೊತ್ತಿಲ್ಲ" ಎಂದೆ. ಗಿರಿಜಾ ಅಲ್ಲೇ ನಿಂತಿದ್ದಳು. ಅವಳ ಎದುರಿಗೆ ನಾನು ಬೇರೆ ಏನೂ ಹೇಳಲಾರದವಳಾಗಿದ್ದೆ.

"ನಾನ ಸರಿಸಿದ್ದೆ" ಎಂದಳು ಬಾಗಿಲಿಗೆ ಆತು ನಿಂತ ಅಮ್ಮ. "ಅರಿವಿ ತಗ್ಯಾಕ ಹತ್ರ ಆಗಲಿ ಅಂತ. ಹುಡುಗೀಗೆ ಏನೂ ಅನಬ್ಯಾಡ್ರಿ."

ನೀರು ತುಂಬಿದ ತಂಬಿಗೆ ಎತ್ತಲು ಎರಡು ಕೈ ಬೇಕಾದ ಮುದುಕಿ ಟ್ರಂಕ್ ಸರಿಸಿದಳೆಂದು ಯಾರು ನಂಬಿದರೋ ಕಾಣೆ. ಅವ್ವ ಮತ್ತೆ ಕೇಳಲಿಲ್ಲ. ಅಂದೇ ಅಮ್ಮ ಮೇಲಿನ ಮನೆಗೆ ಹೋಗುವುದೆಂದಾಯಿತು. ಅವರೆಲ್ಲ ಹೊರಸು ಹೊತ್ತುಕೊಂಡು ಹೋದ ಮೇಲೆ ನಾನು, ಅಮ್ಮ ಇಬ್ಬರೇ ಕೂತು ಅವಳ ಗಂಟು ಕಟ್ಟಿದೆವು. ನಾನು ಅತ್ತು ಅತ್ತು, ದಸರೆ ಮುಗಿಯುವ ತನಕವಾದರೂ ಇರು, ಪಾಳಿ ಇನ್ನೂ ನಮ್ಮದೇ ಎಂದೆ. ಬೇಸಿಗೆಯಲ್ಲಿ ಅವ್ವ ಮತ್ತೆ ಮಣ್ಣು ಮೆತ್ತುತ್ತಾಳೆ, ಆಗ ಬಾ ಎಂದೆ. ಅಮ್ಮ ಗಂಟಿನ ತುದಿ ಬಿಗಿದು, ಉಸಿರು ಸಿಕ್ಕುವ ತನಕ ಕಾದು ಹೇಳಿದಳು:

"ಬರಂಗಿಲ್ಲ ಯವ್ವಾ. ದಮ್ಮಿಗೆ ಅಂಜಿ ಹೊಂಟಾಕಿ ಅಲ್ಲ ನಾ. ಎಷ್ಟು ದಿನದ ಉಸಿರು ನಂದು, ಯಾವ ಮನ್ಯಾಗ ಹೋದ್ರೇನು. ನಾ ಇಲ್ಲಿ ಇದ್ರ ನೀ ನನ್ನ ಸಲುವಾಗಿ ಸುಳ್ಳು ಹೇಳ್ತಿ, ನಿನ್ನ ಸಲುವಾಗಿ ನಾ ಹೂಂ ಅಂತೀನಿ. ಈ ರೂಢಿ ನಿನಗ ಹತ್ತಬಾರ್ದು."

ಅಷ್ಟು ಹೇಳಿ ಗಂಟು ಎತ್ತಿಕೊಂಡು, ಗೋಡೆ ಹಿಡಿದು, ಆ ಆರೇಳು ಹೆಜ್ಜೆ ನಡೆದು ಹೋದಳು. ಗೋಡೆ ಹಿಡಿದ ಕೈಗೆ ಬಣ್ಣ ಮೆತ್ತಿತ್ತು, ಸೀರೆಗೆ ಒರೆಸಿಕೊಂಡಳು.

ಅವ್ವ ಚಳಿಗಾಲ ಮುಗಿಯುವುದರೊಳಗೆ ಉಳಿದ ಸಿಮೆಂಟನ್ನೆಲ್ಲ ಹಾರೆಯಿಂದ ಕಿತ್ತಳು. ಅಪ್ಪ ಗಟಾರದ ಮಣ್ಣು ತೋಡಿ ಹೊಸ ಗರಸು ತಂದು ತುಂಬಿದ. ಎರಡು ಬೇಸಿಗೆ ತೆಗೆದುಕೊಂಡಿತು ಆ ಗೋಡೆ ತನ್ನ ನೀರು ಬಿಟ್ಟುಕೊಡಲು. ಯುಗಾದಿ ಬಂತು, ಇನ್ನೊಂದು ಬಂತು. ಪಾಳಿಯ ಮಾತು ಯಾರೂ ಎತ್ತಲಿಲ್ಲ. ಅಮ್ಮ ಹಗಲು ನಮ್ಮ ಕಟ್ಟೆಗೆ ಬಂದು ಕೂತು, ನನ್ನ ಕೈಯಿಂದಲೇ ಎಲೆಗೆ ಸುಣ್ಣ ಹಚ್ಚಿಸಿಕೊಂಡು ಜಗಿದು, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ಮೂರನೆಯ ವರ್ಷ ಮೇಲಿನ ಮನೆಯಲ್ಲೇ ತೀರಿಕೊಂಡಳು. ಕೊನೆಯ ನೀರು ಬಿಟ್ಟವಳು ಗಿರಿಜಾ. ನಾನು ಶಾಲೆಯಲ್ಲಿದ್ದೆ. ಅವಳಿಗೆ ಅಂದು ಜ್ವರ, ಶಾಲೆಗೆ ಬಂದಿರಲಿಲ್ಲ. ಜ್ವರ ಕೂಡ ಅವಳಿಗೇ ಬರಬೇಕೆ ಎಂದು ಹೆಣದ ಮುಂದೆ ಕೂತು ಅತ್ತಿದ್ದೇನೆ.

ಈಗ ಗಿರಿಜಾ ಗಿಣಿಗೇರಾದಲ್ಲಿದ್ದಾಳೆ. ಮಕ್ಕಳಿಬ್ಬರಿಗೂ ಫ್ಯಾಕ್ಟರಿಯ ನೌಕರಿ, ಎರಡು ಮಹಡಿಯ ಮನೆ, ಗೋಡೆ ಮುಟ್ಟಿ ನೋಡಿದ್ದೇನೆ, ಖಣಖಣ ಒಣಗಿದೆ. ಮೊನ್ನೆ ಅವಳ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಎದುರಿಗೇ ಕೂತು ಸೊಸೆಯರಿಗೆ ಹೇಳುತ್ತಿದ್ದಳು. ಐವತ್ತು ವರ್ಷದಿಂದ ಹೇಳುತ್ತಿದ್ದಾಳೆ:

"ನಮ್ಮಮ್ಮ ಪಾಳಿ ಮುರದು ನಮ್ಮ ಮನಿಗೆ ಬಂದು ಇದ್ಲು. ಇವರ ಮನಿಗೆ ಮತ್ತ ಹೋಗ್ಲೇ ಇಲ್ಲ. ನನ್ನ ಮ್ಯಾಲ ಭಾಳ ಜೀವ ಆಕಿಗೆ. ಹೌದಲ್ಲೇನ ನೀಲಾ?"

"ಹೌದು" ಎಂದೆ, ಎಂದಿನಂತೆ. ಅವಳ ಮಾತಿಗೆ ಕೊಡಬಹುದಾದ ಉತ್ತರ ನನ್ನ ಬಳಿ ಹನ್ನೊಂದನೆಯ ವಯಸ್ಸಿನಿಂದ ಇದೆ. ಕೊಡಬೇಕೆಂದರೆ ನನ್ನ ಸುಳ್ಳನ್ನು ಅವಳ ಮುಂದೆ ಒಪ್ಪಿಕೊಳ್ಳಬೇಕು; ಅದೊಂದಕ್ಕೆ ಇಷ್ಟು ವರ್ಷ ಮನಸ್ಸು ಬರಲಿಲ್ಲ. ಗಿರಿಜಾಳಿಗೆ ಓದುವ ರೂಢಿಯಿದೆ. ನಾನು ಬರೆದದ್ದೆಂದರೆ ಕನ್ನಡಕ ಹುಡುಕಿಕೊಂಡು ಓದುತ್ತಾಳೆ. ಇದನ್ನೂ ಓದಲಿ. ಟ್ರಂಕ್ ಸರಿಸಿದವಳು ಅಮ್ಮ ಅಲ್ಲ, ನಾನು. ಕಿಟಕಿ ಮುಚ್ಚಿದವಳು ನಾನು, ಅಮ್ಮನಿಗೆ ಉಸಿರು ಕಟ್ಟುತ್ತಿದ್ದಾಗ ಕೆಮ್ಮು ಕಡಿಮೆಯಾಗಿದೆ ಎಂದು ನಿನ್ನ ಅವ್ವನಿಗೆ ಹೇಳಿದವಳು ನಾನು. ನನ್ನನ್ನು ಏನು ಬೇಕಾದರೂ ಅನ್ನು ಗಿರಿಜಾ, ಕೇಳಿಸಿಕೊಳ್ಳುತ್ತೇನೆ. ಆದರೆ ಅಮ್ಮ ನಿಮ್ಮ ಮನೆಗೆ ಬಂದದ್ದು ನಿನ್ನ ಮೇಲಿನ ಜೀವಕ್ಕಲ್ಲ, ನನ್ನ ಮೇಲಿನ ಜೀವಕ್ಕೆ.